ಮಾಗಿ ಚಳಿಯಲ್ಲಿ ಗಾಡಿ ಓಡಿಸುವವರ ಕೈಗೆ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯಿತು ಅಂದರೆ ಬೆಂಗಳೂರಿಗೆ ಚಳಿ ಬಂತು ಅಂತಲೇ ಲೆಕ್ಕ. ನಸುಕಿನಲ್ಲಿ ಹಾಲು, ಪೇಪರ್ ಹಾಕುವ ಹುಡುಗರು, ಪೀಣ್ಯದ ಕಡೆ ಫಸ್ಟ್ ಶಿಫ್ಟ್‌ಗೆ ಹೋಗುವವರು, ಮಕ್ಕಳನ್ನು ಸ್ಕೂಲಿಗೆ ಬಿಡುವವರು, ಎಲ್ಲರದೂ ಒಂದೇ ಮಾತು. ಸ್ವೆಟರ್ ಹಾಕಿದ್ದೀನಿ, ಗ್ಲೌಸ್ ಹಾಕಿದ್ದೀನಿ, ಆದರೂ ಬೆರಳು ಮರಗಟ್ಟುತ್ತೆ. ಇದನ್ನು ಸುಮ್ನೆ ತಡೆದುಕೊಂಡು ಹೋಗಬೇಡಿ. ಬೆರಳು ಸೆಟೆದುಕೊಂಡರೆ ಬ್ರೇಕ್ ಹಿಡಿಯುವುದು ಒಂದು ಕ್ಷಣ ತಡವಾಗುತ್ತೆ, ಆ ಒಂದು ಕ್ಷಣದಲ್ಲಿ ಏನು ಬೇಕಾದರೂ ಆಗಬಹುದು.

ನಮ್ಮೂರಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ಇರುತ್ತೆ. 1884ರ ಜನವರಿಯಲ್ಲಿ 7.8ಕ್ಕೆ ಇಳಿದಿತ್ತಂತೆ, ಅದೇ ಇವತ್ತಿಗೂ ಊರಿನ ದಾಖಲೆ. 15 ಡಿಗ್ರಿ ಅಂದರೆ ಬಾಗಿಲಲ್ಲಿ ನಿಂತವರಿಗೆ ಹಿತವಾದ ಚಳಿ. ಗಾಡಿ ಐವತ್ತು ಅರವತ್ತರಲ್ಲಿ ಓಡುವಾಗ ಕಥೆಯೇ ಬೇರೆ, ಚರ್ಮದ ಮೇಲಿನ ಬಿಸಿಯನ್ನು ಗಾಳಿ ನಿಲ್ಲಲು ಬಿಡದೆ ಹೊತ್ತುಕೊಂಡು ಹೋಗುತ್ತೆ. ಹಾಗಾಗಿ ನಾವು ತಡೆಯಬೇಕಾದದ್ದು ಗಾಳಿಯನ್ನು. ಉಣ್ಣೆ ಎಷ್ಟೇ ದಪ್ಪ ಇರಲಿ, ಹೆಣಿಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತೆ ಅಲ್ವಾ?

ಕೈ ಬೆಚ್ಚಗಿರಬೇಕಾದರೆ ಮೊದಲು ಎದೆ ನೋಡಿಕೊಳ್ಳಿ. ಎದೆ ತಣ್ಣಗಾದರೆ ದೇಹ ಒಳಗಿನ ಬಿಸಿ ಉಳಿಸಿಕೊಳ್ಳಲು ಬೆರಳಿನ ರಕ್ತನಾಳಗಳನ್ನು ಬಿಗಿ ಮಾಡುತ್ತೆ. ಆಮೇಲೆ ಎಂಥ ಗ್ಲೌಸ್ ಹಾಕಿದರೂ ಅಷ್ಟಕ್ಕಷ್ಟೇ, ಬೆರಳಿಗೆ ಬಿಸಿ ರಕ್ತವೇ ಬರದಿದ್ದರೆ ಗ್ಲೌಸ್ ಯಾವ ಬಿಸಿಯನ್ನು ಹಿಡಿದಿಡಬೇಕು ಹೇಳಿ. ನಿನ್ನೆಯ ಪೇಪರ್ ಎರಡು ಮೂರು ಹಾಳೆ ಮಡಚಿ ಶರ್ಟಿಗೂ ಸ್ವೆಟರ್‌ಗೂ ನಡುವೆ ಎದೆಯ ಮೇಲೆ ಇಟ್ಟುಕೊಳ್ಳಿ. ಮೇಲೆ ಜರ್ಕಿನ್ ಹಾಕಿ ಜಿಪ್ ಕತ್ತಿನವರೆಗೂ ಎಳೆಯಿರಿ. ಜರ್ಕಿನ್ ಇಲ್ಲವೇ? ಮಳೆಗಾಲದ ರೇನ್‌ಕೋಟ್ ಅಟ್ಟದಿಂದ ಇಳಿಸಿ, ಗಾಳಿ ತಡೆಯುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಕತ್ತಿಗೆ ಒಂದು ಹತ್ತಿ ಟವೆಲ್ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ. ಹೊರಗೆ ಬಿಟ್ಟರೆ ಚಕ್ರಕ್ಕೆ ಸಿಕ್ಕೀತು.

ಇನ್ನು ಮಣಿಕಟ್ಟು. ಅಲ್ಲಿ ನಾಡಿ ಚರ್ಮದ ಕೆಳಗೇ ಓಡುತ್ತೆ, ಬೆರಳಿಗೆ ಹೋಗುವ ರಕ್ತ ಅಲ್ಲೇ ತಣ್ಣಗಾಗುತ್ತೆ, ಆದರೂ ಬಹಳ ಜನ ಅದನ್ನು ಬಿಟ್ಟೇಬಿಡುತ್ತಾರೆ. ಹಳೆಯ ಉಣ್ಣೆ ಕಾಲುಚೀಲ ಇದ್ದರೆ ಎಸೆಯಬೇಡಿ. ಬೆರಳಿನ ಕಡೆಯ ತುದಿಯನ್ನು ಕತ್ತರಿಸಿ ತೆಗೆಯಿರಿ. ಹಿಮ್ಮಡಿ ಬರುವ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ಸಣ್ಣ ಸೀಳು ಮಾಡಿ, ಕತ್ತರಿಸಿದ ಅಂಚಿಗೆ ಸೂಜಿದಾರದಲ್ಲಿ ನಾಲ್ಕು ಹೊಲಿಗೆ ಹಾಕಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ಎಳೆ ಬಿಚ್ಚಿಕೊಳ್ಳುತ್ತೆ. ಕೈಗೆ ಏರಿಸಿದರೆ ಅಂಗೈಯ ಅರ್ಧದಿಂದ ಮೊಣಕೈ ಹತ್ತಿರದವರೆಗೂ ಬರುತ್ತೆ. ಅದರ ಮೇಲೆ ಜರ್ಕಿನ್ ತೋಳು, ಗ್ಲೌಸ್. ತೋಳಿಗೂ ಗ್ಲೌಸ್‌ಗೂ ನಡುವೆ ಒಂದು ಬೆರಳಿನಷ್ಟೂ ಸಂದಿ ಬಿಡಬೇಡಿ.

ಗ್ಲೌಸ್ ವಿಷಯಕ್ಕೆ ಬಂದರೆ, ಬಿಗಿಯಾದದ್ದು ಬೇಡವೇ ಬೇಡ. ಬಿಗಿದರೆ ರಕ್ತ ಓಡುವುದಿಲ್ಲ, ಒಳಗೆ ಬೆಚ್ಚನೆಯ ಗಾಳಿ ನಿಲ್ಲಲು ಜಾಗವೂ ಇರುವುದಿಲ್ಲ. ತೆಳು ಹತ್ತಿ ಗ್ಲೌಸ್ ಒಳಗೆ, ಗಾಳಿ ತೂರದ ಸ್ವಲ್ಪ ಸಡಿಲವಾದದ್ದು ಹೊರಗೆ, ಇದು ಒಂದೇ ದಪ್ಪ ಗ್ಲೌಸ್‌ಗಿಂತ ಮೇಲು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನೂ ಕೆಲವರು ಮೇಲೆ ಹಾಕುತ್ತಾರೆ. ಹತ್ತಿರದ ದಾರಿಗೆ ಪರವಾಗಿಲ್ಲ. ಬರಿ ಚರ್ಮಕ್ಕೆ ಮಾತ್ರ ರಬ್ಬರ್ ಹಾಕಬೇಡಿ, ಬೆವರಿ ಒದ್ದೆಯಾದ ಕೈ ಇನ್ನೂ ಜಾಸ್ತಿ ತಣ್ಣಗಾಗುತ್ತೆ. ಏನೇ ಹಾಕಿ, ಮನೆ ಮುಂದೆಯೇ ಕ್ಲಚ್ಚು, ಬ್ರೇಕು, ಇಂಡಿಕೇಟರ್ ಒಂದು ಸಲ ಒತ್ತಿ ನೋಡಿ. ಕೈಗೆ ತಿಳಿಯದಿದ್ದರೆ ಅದು ಎಷ್ಟೇ ಬೆಚ್ಚಗಿದ್ದರೂ ಬೇಡ. ಜೆ.ಸಿ. ರಸ್ತೆಯಲ್ಲಿ ಹ್ಯಾಂಡ್‌ಗಾರ್ಡ್ ಹಾಕಿಸಿಕೊಳ್ಳಬಹುದು, ದಿನಾ ದೂರ ಹೋಗುವವರಿಗೆ ಆ ಖರ್ಚು ದಂಡವಲ್ಲ.

ಹೊರಡುವ ಮುಂಚೆ ಇನ್ನೊಂದು. ರಾತ್ರಿಯೆಲ್ಲ ಗಾಡಿಯ ಡಿಕ್ಕಿಯಲ್ಲಿದ್ದ ಗ್ಲೌಸ್ ತಣ್ಣಗೆ ಕೊರೆಯುತ್ತಿರುತ್ತೆ, ಮನೆಯೊಳಗೆ ಇಟ್ಟುಕೊಳ್ಳಿ. ಒಂದು ಹಿಡಿ ಕಲ್ಲುಪ್ಪನ್ನು ತವಾ ಮೇಲೆ ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮಂಡಿನೋವಿಗೆ ಶಾಖ ಕೊಡುತ್ತೇವಲ್ಲ ಹಾಗೆ, ಕಾಫಿ ಕುಡಿಯುವಷ್ಟು ಹೊತ್ತು ಗ್ಲೌಸ್ ಒಳಗೆ ಇಟ್ಟು ತೆಗೆಯಿರಿ. ಗಂಟು ಮುಟ್ಟಿದರೆ ಹಿತವಾಗಿರಬೇಕು, ಸುಡಬಾರದು. ಕೊಬ್ಬರಿ ಎಣ್ಣೆ 24 ಡಿಗ್ರಿ ಸುತ್ತಮುತ್ತಲೇ ಗಟ್ಟಿಯಾಗುವುದರಿಂದ ಈ ದಿನಗಳಲ್ಲಿ ಬಾಟಲಿಯಲ್ಲಿ ಬೆಣ್ಣೆಯ ಹಾಗೆ ಕೂತಿರುತ್ತೆ. ಕೈ ಬಿರುಕು ಬಿಡದಿರಲು ಅದನ್ನು ರಾತ್ರಿ ಮಲಗುವಾಗ ಹಚ್ಚಿ. ಬೆಳಿಗ್ಗೆ ಹಚ್ಚಿದರೆ ಹ್ಯಾಂಡಲ್ ಜಾರುತ್ತೆ.

ದಾರಿಯಲ್ಲಿ ಹ್ಯಾಂಡಲನ್ನು ಗಟ್ಟಿಯಾಗಿ ಹಿಸುಕಬೇಡಿ, ಸಡಿಲವಾಗಿ ಹಿಡಿಯಿರಿ. ಸಿಗ್ನಲ್‌ನಲ್ಲಿ ಸೈಲೆನ್ಸರ್‌ಗೆ ಕೈ ಒತ್ತುವವರನ್ನು ನೋಡಿದರೆ ನನಗೆ ಜೀವ ಹೋದಂತಾಗುತ್ತೆ. ಮರಗಟ್ಟಿದ ಬೆರಳಿಗೆ ಸುಟ್ಟದ್ದು ತಕ್ಷಣ ತಿಳಿಯುವುದಿಲ್ಲ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಇನ್ನೂ ಅಪಾಯ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ, ಭುಜದಿಂದ ತೋಳನ್ನು ಗಿರ್ರನೆ ತಿರುಗಿಸಿ. ಬೆರಳು ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಗಾಗುವುದು ಮತ್ತೆ ಮತ್ತೆ ನಡೆಯುತ್ತಿದ್ದರೆ ಮನೆಮದ್ದು ಸಾಲದು, ಡಾಕ್ಟರಿಗೆ ತೋರಿಸಿ.

ಮಕ್ಕಳನ್ನು ಮುಂದೆ ಟ್ಯಾಂಕ್ ಮೇಲೆ ಕೂರಿಸಿದರೆ ನಿಮಗೆ ತಗಲಬೇಕಾದ ಗಾಳಿಯೆಲ್ಲ ಆ ಮಗುವಿಗೆ. ಹಿಂದೆ ಕೂರಿಸಿ, ಅದರ ಕೈಗಳನ್ನು ನಿಮ್ಮ ಜರ್ಕಿನ್ ಜೇಬಿನೊಳಗೆ ಇಡಲು ಹೇಳಿ. 4 ವರ್ಷದೊಳಗಿನ ಮಗು ಇದ್ದರೆ ಬೆಲ್ಟ್, ಹೆಲ್ಮೆಟ್ ಬೇಕು, ವೇಗವೂ 40 ಮೀರಬಾರದು ಅಂತ ನಿಯಮವೇ ಇದೆ, ನಿಧಾನ ಹೋದಷ್ಟೂ ಗಾಳಿಯೂ ಕಮ್ಮಿ. ಮಂಜು ಇದ್ದ ದಿನ ಹತ್ತು ನಿಮಿಷ ಬೇಗ ಹೊರಡಿ.