ವೋಟರ್ ಐಡಿಯಲ್ಲಿ ಹೆಸರು, ಲಿಂಗ ತಿದ್ದಿಸುವುದು ಹೇಗೆ?

ಕೈಯಲ್ಲಿ ಕಾರ್ಡ್ ಇದ್ದರೆ ವೋಟು ಹಾಕಬಹುದು ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಇರಲೇಬೇಕು. ನೀವು ತಿದ್ದಿಸಬೇಕಾದದ್ದೂ ಆ ಪಟ್ಟಿಯನ್ನೇ. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಎಪಿಕ್ ಸಂಖ್ಯೆ (ವೋಟರ್ ಐಡಿ ಮೇಲಿರುವ ಸಂಖ್ಯೆ) ಹಾಕಿ, ಈಗ ಏನು ದಾಖಲಾಗಿದೆ ಅಂತ ಮೊದಲು ನೋಡಿ.

ಆಮೇಲೆ ದಾಖಲೆ ಜೋಡಿಸಿಕೊಳ್ಳಿ. ಬರೀ ಅಕ್ಷರ ತಪ್ಪಾಗಿದ್ದರೆ ಸರಿಯಾದ ಹೆಸರಿರುವ ಗುರುತಿನ ಚೀಟಿ ಸಾಕು. ಹೆಸರನ್ನೇ ಪೂರ್ತಿ ಬದಲಿಸಿದ್ದರೆ ರಾಜ್ಯಪತ್ರದಲ್ಲಿ (ಗೆಜೆಟ್) ಪ್ರಕಟಣೆ ಮಾಡಿಸಿಟ್ಟುಕೊಳ್ಳಿ. ಸುಮ್ನೆ ಅಫಿಡವಿಟ್ ಒಂದನ್ನೇ ನಂಬಿ ಓಡಾಡಬೇಡಿ. ಲಿಂಗತ್ವ ಅಲ್ಪಸಂಖ್ಯಾತರಿಗೆ ಅವರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರವೇ ಗಟ್ಟಿ ದಾಖಲೆ.

ಮೊದಲು ಆಧಾರ್, ನಂತರ ವೋಟರ್ ಐಡಿ. ನನ್ನ ಪ್ರಕಾರ ಇದೇ ಸರಿಯಾದ ಕ್ರಮ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ, ಲಿಂಗಕ್ಕೆ ಒಂದೇ. ಅದಕ್ಕೇ ಕೇಂದ್ರಕ್ಕೆ ಹೋಗುವ ಮೊದಲೇ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಹಾಳೆಯ ಮೇಲೆ ಬರೆದು ಖಚಿತ ಮಾಡಿಕೊಳ್ಳಿ. ಇನ್ನು ಮುಂದೆ ಎಲ್ಲ ಕಡೆ ಅದೇ ಇರಲಿ.

ಈಗ ಅರ್ಜಿ. ಜನ ಜಾಸ್ತಿ ಎಡವುವುದು ಇಲ್ಲೇ. ತಿದ್ದುಪಡಿಗೆ ಇರುವುದು ನಮೂನೆ 8. ನಮೂನೆ 6 ಹೊಸದಾಗಿ ಸೇರುವವರಿಗೆ. ಹೊಸ ಹೆಸರಿಗೆ ಹೊಸ ಅರ್ಜಿ ಅಂದುಕೊಂಡು ನಮೂನೆ 6 ತುಂಬಿದರೆ ಒಬ್ಬರೇ ಪಟ್ಟಿಯಲ್ಲಿ ಎರಡು ಸಲ ಬರುವ ಅಪಾಯವಿದೆ. ಅದು ಕಾನೂನಿಗೆ ವಿರುದ್ಧ. ನಮೂನೆ 8ರ ಒಳಗೂ ವಿಳಾಸ ಬದಲಾವಣೆ, ತಿದ್ದುಪಡಿ, ಬದಲಿ ಕಾರ್ಡ್, ಅಂಗವೈಕಲ್ಯ ನಮೂದು ಅಂತ ಬೇರೆ ಬೇರೆ ಆಯ್ಕೆಗಳಿವೆ. ಬದಲಿ ಕಾರ್ಡ್ ಒತ್ತಿದರೆ ಹಳೇ ತಪ್ಪಿನ ಸಮೇತ ಕಾರ್ಡ್ ಬರುತ್ತದೆ. ನಿಮಗೆ ಬೇಕಾದದ್ದು ತಿದ್ದುಪಡಿ.

ಹೆಸರಿನ ಜಾಗದಲ್ಲಿ ಇನ್ನೂ ನಿಧಾನಿಸಿ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ ಕೂಡಲೇ ಪಕ್ಕದಲ್ಲಿ ಕನ್ನಡ ರೂಪ ತಾನಾಗಿ ಮೂಡುತ್ತದೆ. ಅದನ್ನು ನಂಬಬೇಡಿ. ಮಂಜುಳಾ ಹೋಗಿ ಮಂಜುಲಾ ಆಗಬಹುದು, ಸುಗುಣ ಸುಗುನ ಆಗಬಹುದು. ಳ, ಣ, ದೀರ್ಘ, ಒತ್ತಕ್ಷರ ಒಂದೊಂದನ್ನೂ ನೋಡಿ, ತಪ್ಪಿದ್ದರೆ ಅಳಿಸಿ ನೀವೇ ಬರೆಯಿರಿ. ಉಪನಾಮ ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಅದನ್ನು ತುಂಬಲೆಂದೇ ಊರಿನ ಹೆಸರು ಸೇರಿಸಿದರೆ ಆಧಾರ್‌ಗೂ ಪಟ್ಟಿಗೂ ತಾಳೆಯಾಗುವುದಿಲ್ಲ. ಲಿಂಗದಲ್ಲಿ ಪುರುಷ, ಮಹಿಳೆ, ತೃತೀಯ ಲಿಂಗ ಎಂಬ ಮೂರು ಆಯ್ಕೆಗಳಿವೆ. ಗಂಡು, ಹೆಣ್ಣು ಎರಡೂ ಅಲ್ಲದ ಆಯ್ಕೆ ಪಟ್ಟಿಗೆ ಬಂದದ್ದು 2009ರಲ್ಲಿ. ಮೂರರಲ್ಲಿ ಯಾವುದು ಅಂತ ಗುರುತು ಹಾಕಬೇಕಾದವರು ನೀವೇ, ಸೈಬರ್ ಸೆಂಟರ್‌ನ ಹುಡುಗ ಅಲ್ಲ. ಅಂದ ಹಾಗೆ, ಪೋರ್ಟಲ್‌ನಲ್ಲಿ ಅರ್ಜಿಗೆ ಶುಲ್ಕ ಇಲ್ಲ. "ಎರಡೇ ದಿನದಲ್ಲಿ ಮಾಡಿಸಿಕೊಡ್ತೀವಿ" ಅಂತ ದುಡ್ಡು ಕೇಳುವವರ ಕೈಗೆ ಒಟಿಪಿ ಕೊಡಬೇಡಿ.

ಸಲ್ಲಿಸಿದ ಮೇಲೆ ಬರುವ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಪರಿಶೀಲನೆಗೆ ಬಂದಾಗ ಮೂಲ ದಾಖಲೆ ತೋರಿಸಿ. ಲಿಂಗ ಬದಲಿಸಿದವರಿದ್ದರೆ ಮನೆಯವರಿಗೆ ಮೊದಲೇ ಹೇಳಿಡಿ. ಬಾಗಿಲಲ್ಲಿ ಯಾರೋ "ಆ ಹೆಸರಿನವರು ಇಲ್ಲಿಲ್ಲ" ಅಂದುಬಿಟ್ಟರೆ ಅರ್ಜಿ ತಿರಸ್ಕಾರವಾಗಬಹುದು. ಸಂದೇಹ ಬಂದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.

ಚುನಾವಣೆ ಘೋಷಣೆಯಾಗಲಿ ಅಂತ ಕಾಯಬೇಡಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ, ಆ ಚುನಾವಣೆ ಮುಗಿಯುವವರೆಗೆ ಪಟ್ಟಿಯನ್ನು ತಿದ್ದುವಂತಿಲ್ಲ.

ಅಷ್ಟರಲ್ಲಿ ಮತದಾನದ ದಿನ ಬಂದೇಬಿಟ್ಟರೂ ಮನೆಯಲ್ಲಿ ಕೂರಬೇಡಿ. ಗುರುತು ಖಚಿತವಾಗುವಂತಿದ್ದರೆ ಕಾರ್ಡ್‌ನ ಸಣ್ಣಪುಟ್ಟ ಅಕ್ಷರ ತಪ್ಪುಗಳನ್ನು ಕಡೆಗಣಿಸಬೇಕು ಅಂತ ಆಯೋಗವೇ ಮತಗಟ್ಟೆ ಅಧಿಕಾರಿಗಳಿಗೆ ಹೇಳಿದೆ. ಫೋಟೊ ಹೋಲದಿದ್ದರೆ ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಒಂದನ್ನು ಒಯ್ಯಿರಿ. ಬರೀ ವೋಟರ್ ಸ್ಲಿಪ್ ಮಾತ್ರ ಸಾಲದು.