ಮನೆಯಲ್ಲೇ ಕಡುಕಂದು ಬಣ್ಣದ ಸಿಹಿ ಗೋಧಿ ಬ್ರೆಡ್

300 ಗ್ರಾಂ ಗೋಧಿ ಹಿಟ್ಟು, 200 ಗ್ರಾಂ ಮೈದಾ, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 9 ಗ್ರಾಂ ಉಪ್ಪು ಹಾಗೂ ಒಂದು ದೊಡ್ಡ ಚಮಚ ಕೋಕೋ ಪುಡಿಯನ್ನು ಬೆರೆಸಿ, 80 ಗ್ರಾಂ ಕಾಕಂಬಿ (ಸಕ್ಕರೆ ತಯಾರಿಸುವಾಗ ಉಳಿಯುವ ಗಟ್ಟಿ ಕಪ್ಪು ಪಾಕ) ಕದಡಿದ 330 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಹಾಕಿ ಕಲಸಬೇಕು. ಹಿಟ್ಟು ಮೊದಲಿಗೆ ಕೈಗೆ ಮೆತ್ತಿಕೊಳ್ಳುತ್ತದೆ; ಗೋಧಿ ಹಿಟ್ಟಿನಲ್ಲಿರುವ ತೌಡು ನೀರನ್ನು ನಿಧಾನವಾಗಿ ಹೀರಿಕೊಳ್ಳುವುದರಿಂದ, ಒಣಹಿಟ್ಟು ಸುರಿಯುವ ಆಸೆಯನ್ನು ತಡೆದುಕೊಂಡು 20 ನಿಮಿಷ ಮುಚ್ಚಿಟ್ಟರೆ ಅದು ತಾನಾಗಿಯೇ ಹದಕ್ಕೆ ಬರುತ್ತದೆ. ಬಳಿಕ ಹತ್ತು ನಿಮಿಷ ನಾದಿ, ಗಡಿಯಾರಕ್ಕಿಂತ ಗಾತ್ರವನ್ನೇ ನಂಬಿ, ಎರಡು ಪಟ್ಟು ಉಬ್ಬಿದ ಮೇಲೆ ಎರಡು ಭಾಗ ಮಾಡಿ, ಅಚ್ಚುಗಳಲ್ಲಿಟ್ಟು ಮತ್ತೊಮ್ಮೆ ಉಬ್ಬಲು ಬಿಟ್ಟು, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 35 ನಿಮಿಷ ಬೇಯಿಸಬೇಕು. ಈ ಬ್ರೆಡ್ಡಿನ ಬಣ್ಣ ನೋಡಿ ಬೆಂದಿದೆಯೆಂದು ಹೇಳಲಾಗದು. ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರಬೇಕು. ಪೂರ್ತಿ ಆರುವ ಮುನ್ನ ಕೊಯ್ದರೆ ಒಳಭಾಗ ಅಂಟಂಟಾಗುತ್ತದೆ.