ಪ್ರೆಸ್ಸಿನ ಹಳೇ ಪ್ಲೇಟಿನಲ್ಲಿ ಒಂದು ಮಾರುತ್ ವಿಮಾನ

ಆಫ್‌ಸೆಟ್ ಪ್ರೆಸ್ಸಿನಲ್ಲಿ ಅಚ್ಚಾಗುವ ಪ್ರತಿ ಪುಟದ ಹಿಂದೆಯೂ ತೆಳುವಾದ ಒಂದು ಅಲ್ಯೂಮಿನಿಯಂ ತಗಡು ಇರುತ್ತದೆ. ಅಚ್ಚು ಮುಗಿದರೆ ಅದರ ಕೆಲಸವೂ ಮುಗಿಯಿತು, ಆಮೇಲೆ ಗುಜರಿಗೆ. ಕೆಲವು ಪ್ಲೇಟು 0.15 ಮಿ.ಮೀ. ದಪ್ಪ, ಕೆಲವು 0.3 ಮಿ.ಮೀ. ಕತ್ತರಿಗೆ ಸಿಗುವಷ್ಟು ತೆಳು, ಕೊಟ್ಟ ಆಕಾರ ಹಿಡಿದು ನಿಲ್ಲುವಷ್ಟು ಗಟ್ಟಿ. ವಿಮಾನದ ಮಾದರಿ ಮಾಡುವವರಿಗೆ ಇದಕ್ಕಿಂತ ಅಗ್ಗದ ಒಳ್ಳೆಯ ಸಾಮಾನು ಸಿಗುವುದಿಲ್ಲ.

ಯಾವ ವಿಮಾನ? ಬೆಂಗಳೂರಿನವರಾದರೆ ಎಚ್‌ಎಫ್-24 ಮಾರುತ್ ಮಾಡಿ. ಜರ್ಮನಿಯ ಕರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ ಜೆಟ್ ಯುದ್ಧವಿಮಾನ ಇದು. 1961ರ ಜೂನ್ 17ರಂದು ಮೊದಲ ಸಲ ಇದನ್ನು ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವಾಗ ಟ್ರಾಫಿಕ್ಕಿನಲ್ಲಿ ನಾವು ಬೈದುಕೊಳ್ಳುವ ಸುರಂಜನ್‌ದಾಸ್ ರಸ್ತೆ ಇವರದೇ ಹೆಸರಿನದು. ಇದೇ ವಿಮಾನ ಆರಿಸಲು ಇನ್ನೊಂದು ಕಾರಣ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲೂ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲೂ ನಿಜವಾದ ಮಾರುತ್ ನಿಂತಿದೆ. ಅನುಮಾನ ಬಂದಾಗಲೆಲ್ಲ ಹೋಗಿ ನೋಡಿ ಬರಬಹುದು.

ಮೊದಲು ಅಳತೆ

ಮಾರುತ್ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.60 ಮೀಟರ್. ಎಲ್ಲವನ್ನೂ 24ರಿಂದ ಭಾಗಿಸಿ. 661 ಮಿ.ಮೀ. ಉದ್ದ, 375 ಮಿ.ಮೀ. ಅಗಲ, 150 ಮಿ.ಮೀ. ಎತ್ತರ ಬರುತ್ತದೆ. ಟೇಬಲ್ ಮೇಲೆ ಆರಾಮವಾಗಿ ಕೂರುತ್ತದೆ. ಇದಕ್ಕಿಂತ ಚಿಕ್ಕದು ಮಾಡಿದರೆ ರಿವಿಟ್ಟುಗಳು, ಅಂದರೆ ತಗಡು ಜೋಡಿಸುವ ಮೊಳೆಗಳು, ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತವೆ.

ಫೋಟೊ ತೆಗೆಯುವಾಗ ವಿಮಾನದ ಹತ್ತಿರ ನಿಲ್ಲಬೇಡಿ. ಆದಷ್ಟು ದೂರ ಹೋಗಿ, ಜೂಮ್ ಮಾಡಿ, ನೇರ ಪಕ್ಕದಿಂದ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮೂತಿ ದೊಡ್ಡದು, ಬಾಲ ಚಿಕ್ಕದು. ಅದನ್ನು ನಂಬಿ ನಕ್ಷೆ ಬರೆದರೆ ಮಾರುತ್ ಹೋಗಿ ಗೊದಮೊಟ್ಟೆ ಆಗುತ್ತದೆ. ತಗಡಿನ ಜೋಡುಗೆರೆಗಳು, ಮುಚ್ಚಳಗಳು, ರಿವಿಟ್ಟಿನ ಸಾಲುಗಳು ಎಲ್ಲವೂ ಫೋಟೊದಲ್ಲಿ ಇರಲಿ.

ಮರದ ಮೈ, ರಟ್ಟಿನ ಅಂಗಿ

ಹೊನೊಲುಲುವಿನ ದಂತವೈದ್ಯ ಯಂಗ್ ಪಾರ್ಕ್ ಎಂಬುವರು ಮುಸ್ಟಾಂಗ್, ಕೋರ್ಸೇರ್ ವಿಮಾನಗಳನ್ನು 1:16 ಅಳತೆಯಲ್ಲಿ ಒಳಗಿನ ಪಕ್ಕೆಲುಬಿನಿಂದ ಹಿಡಿದು ಅಲ್ಯೂಮಿನಿಯಂನಲ್ಲೇ ಕಟ್ಟಿದ್ದರು. ಅದು ವರ್ಷಗಟ್ಟಲೆಯ ತಪಸ್ಸು. ನಾವು ಮರದ ಮೈ ಕೆತ್ತಿ, ಅದಕ್ಕೆ ತಗಡು ಹೊದಿಸೋಣ. ಇದು ಮೋಸ ಅಲ್ವಾ ಅಂತ ಕೇಳುವವರಿದ್ದಾರೆ. ಕೇಳಲಿ, ಮೊದಲ ಮಾದರಿ ಮುಗಿಯುವುದು ಮುಖ್ಯ.

ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಈ ಕೆಲಸಕ್ಕೆ ಚೆನ್ನ. ಮೆದು, ನಾರು ಏಳುವುದಿಲ್ಲ, ಬಿಗಿಯಾದ ಮೈ. ನಕ್ಷೆಯಂತೆ ಕೆತ್ತಿ, ಅರದಿಂದ ಉಜ್ಜಿ, ತಗಡು ಎಷ್ಟು ದಪ್ಪವೋ ಅಷ್ಟು ಹೆಚ್ಚಾಗಿ ಉಜ್ಜಿ ಇಳಿಸಿ. ಇದನ್ನು ಮರೆತರೆ ಕೊನೆಗೆ ವಿಮಾನ ಸ್ವೆಟರ್ ಹಾಕಿಕೊಂಡ ಹಾಗೆ ಕಾಣುತ್ತದೆ.

ಈಗಲೇ ತಗಡು ಮುಟ್ಟಬೇಡಿ. ಹಳೇ ಮದುವೆ ಕಾಗದದ ರಟ್ಟಿನಲ್ಲಿ ಒಂದೊಂದೇ ತುಂಡು ಕತ್ತರಿಸಿ ಮರದ ಮೇಲೆ ಕೂರಿಸಿ ನೋಡಿ. ರಟ್ಟು ಸುಮ್ನೆ ಸುತ್ತಿಕೊಂಡರೆ ತಗಡೂ ಸುತ್ತಿಕೊಳ್ಳುತ್ತದೆ. ರಟ್ಟಿನಲ್ಲಿ ನೆರಿಗೆ ಬಿದ್ದರೆ ಅಲ್ಲಿ ತಗಡನ್ನು ಬಡಿದೇ ಕೂರಿಸಬೇಕು. ಬಾಳೆ ಎಲೆಯನ್ನು ಸೌತೆಕಾಯಿಗೆ ಸುತ್ತಬಹುದು, ಕಿತ್ತಳೆ ಹಣ್ಣಿಗೆ ಸುತ್ತಲಾಗದು. ಮಾರುತ್‌ನ ರೆಕ್ಕೆ, ಬಾಲ ಸೌತೆಕಾಯಿ ಜಾತಿ. ಮೂತಿ ಕಿತ್ತಳೆ ಜಾತಿ. ಇನ್ನು ಸೊಂಟ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲಿ ಎಂದು ರೆಕ್ಕೆ ಇರುವಲ್ಲಿ ಮೈಯನ್ನು ಒಳಕ್ಕೆ ಸಣ್ಣ ಮಾಡಿದ್ದಾರೆ. ನೋಡಲು ಚೆಂದ, ತಗಡು ಹೊದಿಸುವವನಿಗೆ ಕಷ್ಟ.

ಸೋಪು ಮತ್ತು ಬೆಂಕಿ

ಪ್ಲೇಟನ್ನು ಥಿನ್ನರ್‌ನಲ್ಲಿ ಒರೆಸಿ ಮಸಿ, ಲೇಪನ ತೆಗೆಯಿರಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ರಟ್ಟಿನ ತುಂಡನ್ನು ಮೇಲಿಟ್ಟು ಸಣ್ಣ ಮಾರ್ಕರ್‌ನಲ್ಲಿ ಗುರುತು ಮಾಡಿ ಕತ್ತರಿಸಿ. ನಿಜವಾದ ವಿಮಾನದ ತಗಡಿನ ಮೇಲೆ ಸೀಸದ ಕಡ್ಡಿಯಲ್ಲಿ ಬರೆಯುವ ಹಾಗಿಲ್ಲ, ಗೆರೆ ಇರುವಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ ಅಂತ. ನಮ್ಮ ಮಾದರಿಗೆ ಅಷ್ಟೆಲ್ಲ ಆಗದು. ಆದರೂ ಅಭ್ಯಾಸ ಒಳ್ಳೆಯದೇ. ಕೈಗೆ ಗ್ಲೌಸ್ ಹಾಕಿ. ಈ ತಗಡಿನ ಅಂಚು ಬ್ಲೇಡಿಗಿಂತ ಕಡಿಮೆಯಿಲ್ಲ.

ಹಾಗೇ ಬಗ್ಗಿಸಲು ಹೋದರೆ ಪ್ಲೇಟು ಸ್ಪ್ರಿಂಗಿನಂತೆ ಹಿಂದಕ್ಕೆ ಹಾರುತ್ತದೆ. ಕಾಯಿಸಿ ಮೆದು ಮಾಡಬೇಕು. ಹಿತ್ತಾಳೆಯಾದರೆ ಕಾದಾಗ ಕೆಂಪಗಾಗಿ ಸೂಚನೆ ಕೊಡುತ್ತದೆ. ಅಲ್ಯೂಮಿನಿಯಂ ಏನೂ ಹೇಳುವುದಿಲ್ಲ. ಬಣ್ಣ ಬದಲಾಗದೆ ನಿಂತಿದ್ದು, 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗಿಬಿಡುತ್ತದೆ. ನನ್ನ ಮೊದಲ ಬಾಲದ ತಗಡು ಹಾಗೇ ಸ್ಟೌ ಮೇಲೆ ತೊಟ್ಟಿಕ್ಕಿತು.

ಉಪಾಯ ಬಟ್ಟೆ ಸೋಪಿನಲ್ಲಿದೆ. ಒಣ ಸೋಪನ್ನು ತಗಡಿನ ಒಂದು ಬದಿಗೆ ಉಜ್ಜಿ. ಇನ್ನೊಂದು ಬದಿಯಿಂದ ಸಣ್ಣ ಉರಿ ಆಡಿಸಿ, ಒಂದೇ ಕಡೆ ನಿಲ್ಲಿಸಬೇಡಿ. ಸೋಪು ಮೊದಲು ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಕಪ್ಪಾದ ಕೂಡಲೇ ಉರಿ ತೆಗೆಯಿರಿ. ಹದ ಬಂತು. ತಣ್ಣಗಾದ ಮೇಲೆ ಹಿಡಿದು ನೋಡಿ, ಮೇಣದ ಹಾಗೆ ಬಗ್ಗುತ್ತದೆ. ಅಡುಗೆಮನೆಯಲ್ಲಿ ಮಾತ್ರ ಮಾಡಬೇಡಿ. ಸಾರಿಗೆ ಸೋಪಿನ ವಾಸನೆ ಹತ್ತಿದೆ ಅಂತ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು.

ಬಡಿಯುವುದು

ಸುತ್ತಿಗೆಗಿಂತ ಚಮಚ ಒಳ್ಳೆಯದು. ಕಿತ್ತಳೆ ಜಾತಿಯ ತುಂಡನ್ನು ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು, ಚಮಚದ ಬೆನ್ನಿನಿಂದ ನಡುವಿನಿಂದ ಹೊರಗೆ ಒತ್ತುತ್ತಾ ಬನ್ನಿ. ಮೂತಿಗೆ ಹೀಗೆ. ಸೊಂಟಕ್ಕೆ ಇದರ ತದ್ವಿರುದ್ಧ. ಅಲ್ಲಿ ಅಂಚು ಉದ್ದವಾಗಬೇಕು, ನಡು ಹಾಗೇ ಇರಬೇಕು. ಮರದ ಮೈ ಮೇಲೆಯೇ ಇಟ್ಟು ಅಂಚುಗಳನ್ನು ಸಣ್ಣ ಕೊಡತಿಯಿಂದ ತಟ್ಟಿ ಹಿಗ್ಗಿಸಿ. ಒಂದೇ ದೊಡ್ಡ ತಗಡು ಬೇಡ. ನಿಜವಾದ ವಿಮಾನದ ಜೋಡುಗೆರೆ ಇರುವಲ್ಲೇ ಬಳೆಬಳೆಯಾಗಿ ತುಂಡು ಮಾಡಿಕೊಳ್ಳಿ.

ಬಡಿದಷ್ಟೂ ತಗಡು ಮತ್ತೆ ಗಡುಸಾಗುತ್ತದೆ. ಶಬ್ದ ಬದಲಾಗುವುದು ಕಿವಿಗೇ ತಿಳಿಯುತ್ತದೆ, ಮಂದವಾಗಿದ್ದದ್ದು ಟಿಣ್ ಅನ್ನತೊಡಗುತ್ತದೆ. ಆಗ ಹಟ ಮಾಡಿದರೆ ಸೀಳುತ್ತದೆ. ಮತ್ತೆ ಸೋಪು, ಮತ್ತೆ ಉರಿ. ಸೊಂಟದ ಒಂದು ಬಳೆಗೆ ನಾನು ನಾಲ್ಕು ಸಲ ಕಾಯಿಸಿದ್ದಿದೆ.

ರೆಕ್ಕೆ ಸುಲಭ. ಸ್ವೆಟರ್ ಹೆಣೆಯುವ ಕಡ್ಡಿಯ ಮೇಲೆ ತಗಡನ್ನು ಮಡಚಿದರೆ ಮುಂದಿನ ದುಂಡು ಅಂಚು ತಾನೇ ಬರುತ್ತದೆ.

ಅಂಟಿಸುವ ಮುಂಚೆ ರಿವಿಟ್ಟು

ಜನ ಹತ್ತಿರ ಬಗ್ಗಿ ನೋಡುವುದು ಇದನ್ನೇ. ಚಪ್ಪಟೆ ರಿವಿಟ್ಟಿನ ತಲೆ ಸುಮಾರು 6 ಮಿ.ಮೀ. ಇದ್ದರೆ ನಮ್ಮ ಅಳತೆಯಲ್ಲಿ 0.25 ಮಿ.ಮೀ. ಇಷ್ಟು ಸಣ್ಣ ಉಂಗುರ ಒತ್ತುವುದು ಯಾವುದರಲ್ಲಿ? ಇನ್ಸುಲಿನ್ ಸಿರಿಂಜಿನ ಸೂಜಿಯಲ್ಲಿ. ಬಳಸದ ಹೊಸ ಸೂಜಿಯ ಓರೆ ತುದಿಯನ್ನು ಎಣ್ಣೆಕಲ್ಲಿನ ಮೇಲೆ ಉಜ್ಜಿ ಸಮ ಮಾಡಿ. ತಗಡಿನ ಕೆಳಗೆ ದಪ್ಪ ರಟ್ಟು ಇಟ್ಟು, ಸ್ಟೀಲ್ ಸ್ಕೇಲ್ ಆಧಾರಕ್ಕೆ ಇಟ್ಟುಕೊಂಡು, ಒಂದೊಂದೇ ಒತ್ತುತ್ತಾ ಹೋಗಿ. ಉಬ್ಬಿದ ರಿವಿಟ್ಟು ಬೇಕಾದರೆ ತಗಡಿನ ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒತ್ತಬೇಕು. ದರ್ಜಿಗಳ ಹಲ್ಲುಚಕ್ರ ಉರುಳಿಸಿದರೆ ಬೇಗ ಆಗುತ್ತದೆ, ಆದರೆ ಅಂತರ ಜಾಸ್ತಿ, ನನಗೆ ಒಪ್ಪಿಗೆಯಿಲ್ಲ.

ಒಂದು ಸಾಲು ಸೊಟ್ಟಗಾದರೆ ಆ ತುಂಡನ್ನೇ ಎಸೆಯಿರಿ. ಮರುಕ ಬೇಡ, ಪ್ಲೇಟು ಗುಜರಿಯದು. ಮರಕ್ಕೆ ಅಂಟಿಸಿದ ಮೇಲೆ ತಿದ್ದಲು ದಾರಿಯಿಲ್ಲ.

ಇನ್ನೊಂದು ವಿಷಯ. ವಿಮಾನದ ತಗಡು ಒಂದೂವರೆ ಮಿ.ಮೀ. ಅಂತಿಟ್ಟುಕೊಂಡರೂ 24ರಿಂದ ಭಾಗಿಸಿದರೆ 0.06 ಮಿ.ಮೀ. ನಮ್ಮ 0.15 ಮಿ.ಮೀ. ಪ್ಲೇಟೂ ಅದರ ಸುಮಾರು ಎರಡೂವರೆ ಪಟ್ಟು ದಪ್ಪ. ಹಾಗಾಗಿ ಕಣ್ಣಿಗೆ ಬೀಳುವ ಅಂಚುಗಳನ್ನೆಲ್ಲ ಹಿಂಬದಿಯಿಂದ ಅರದಲ್ಲಿ ಓರೆಯಾಗಿ ಸವೆಸಿ.

ಅಂಟಿಸುವುದು

ಚಪ್ಪಲಿ ರಿಪೇರಿಗೆ ಬಳಸುವ ರಬ್ಬರ್ ಅಂಟು ಸಾಕು. ತಗಡಿಗೂ ಮರಕ್ಕೂ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಒಣಗಲು ಬಿಡಿ. ಆಮೇಲೆ ಮುಟ್ಟಿಸಿದರೆ ಮುಗಿಯಿತು, ಸರಿಸಲು ಆಗುವುದಿಲ್ಲ. ಅದಕ್ಕೇ ನಡುವೆ ಬಟರ್ ಪೇಪರ್ ಇಡಿ. ಒಂದು ಅಂಚು ಸರಿಯಾಗಿ ಕೂರಿಸಿ, ಪೇಪರನ್ನು ನಿಧಾನ ಎಳೆಯುತ್ತಾ, ಹಿಂದೆಯೇ ಬಟ್ಟೆಯಲ್ಲಿ ಒತ್ತುತ್ತಾ ಬನ್ನಿ. ಬಾಲದಿಂದ ಶುರು ಮಾಡಿ ಮೂತಿಯ ಕಡೆಗೆ ಹೋಗಿ.

ಪೈಲಟ್ ಕೂರುವ ಗಾಜಿಗೆ ನೀರಿನ ಬಾಟಲಿ. ಮರದ ಅಚ್ಚನ್ನು ಬಾಟಲಿಯೊಳಗೆ ತೂರಿಸಿ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದರೆ ಅಂಟಿಕೊಂಡು ಕುಗ್ಗುತ್ತದೆ. ಗಾಳಿ ಒಳಹೋಗುವ ಬಾಯಿಗಳಲ್ಲಿರುವ ಅರ್ಧ ಶಂಕುಗಳನ್ನು ಮರದಲ್ಲೇ ಕೆತ್ತಿ ತಗಡು ಸುತ್ತಿ.

ಬಣ್ಣ ಬಳಿಯುವುದು ಬಿಡುವುದು ನಿಮ್ಮಿಷ್ಟ. ಬಳಿಯದಿದ್ದರೆ 2000 ನಂಬರಿನ ಎಮೆರಿ ಪೇಪರನ್ನು ನೀರಿನಲ್ಲಿ ಅದ್ದಿ, ಒಂದೇ ದಿಕ್ಕಿನಲ್ಲಿ ಉಜ್ಜಿ. ಪಕ್ಕದ ತುಂಡಿಗೆ ದಿಕ್ಕು ಬದಲಿಸಿ. ಬೆಳಕು ಬಿದ್ದಾಗ ಒಂದೊಂದು ತಗಡೂ ಬೇರೆ ಬೇರೆಯಾಗಿ ಹೊಳೆಯುತ್ತದೆ. ಕೊನೆಗೆ ತೆಳುವಾಗಿ ಮೇಣ ಸವರಿ. ನೋಡಲು ಬಂದವರೆಲ್ಲ ಮುಟ್ಟಿಯೇ ಮುಟ್ಟುತ್ತಾರೆ. ಮೇಣ ಇಲ್ಲದಿದ್ದರೆ ಅವರ ಬೆರಳಚ್ಚು ಅಲ್ಲೇ ಕೂರುತ್ತದೆ.